ಮುಟ್ಟಬೇಡಿ, ಅದು ಡ್ಯೂಟಿಯಲ್ಲಿದೆ: ಸರ್ವಿಸ್ ಡಾಗ್ ಮತ್ತು ಕಾನೂನು

ನಮ್ಮ ಬಳಗದ ಸೀನಿಯರ್ ಅಣ್ಣ ಒಬ್ಬರು ಈಗ ಕ್ಯಾಲಿಫೋರ್ನಿಯಾದಲ್ಲಿ ಎಂಎಸ್ ಮಾಡ್ತಿದ್ದಾರೆ. ಹೋದ ಸೆಮ್ ಮುಗಿದ ಮೇಲೆ ವಿಡಿಯೋ ಕಾಲ್‌ನಲ್ಲಿ ಸಿಕ್ಕಾಗ ಒಂದು ಪ್ರಸಂಗ ಹೇಳಿದ್ರು. ಅಲ್ಲಿಗೆ ಹೋದ ಹೊಸತರಲ್ಲಿ ಒಂದು ದಿನ ಬಸ್ಸಿನಲ್ಲಿ ಎದುರು ಸೀಟಿನ ಕೆಳಗೆ ಒಂದು ಲ್ಯಾಬ್ರಡಾರ್ ಸುಮ್ಮನೆ ಮಲಗಿತ್ತಂತೆ. ಊರಿನ ಮನೆ ನಾಯಿ ನೆನಪಾಗಿ ಅಣ್ಣ ಬಾಯಲ್ಲಿ 'ಚು ಚು' ಅಂತ ಸದ್ದು ಮಾಡಿ, ತಲೆ ಸವರೋಕೆ ಕೈ ಚಾಚಿದ್ರು. ನಾಯಿ ತಲೆ ಎತ್ತಿತು. ಪಕ್ಕದಲ್ಲಿ ಕೂತಿದ್ದ ಕಣ್ಣು ಕಾಣದ ಮಹಿಳೆ ಸದ್ದು ಕೇಳಿ, "ದಯವಿಟ್ಟು ಬೇಡ, ಅವಳು ಡ್ಯೂಟಿಯಲ್ಲಿದ್ದಾಳೆ" ಅಂದ್ರಂತೆ. ಅಣ್ಣ ಸಾರಿ ಕೇಳಿ ಕೈ ಹಿಂದಕ್ಕೆ ತಗೊಂಡ್ರು.

ಆಮೇಲೆ ರೂಮ್‌ಮೇಟ್ ಹತ್ರ ಹೇಳಿದಾಗ, "ಬೇಡ ಅಂದ ಮೇಲೂ ಕೆಣಕ್ತಾ ಇದ್ದಿದ್ರೆ ಕೇಸ್ ಆಗಬಹುದಿತ್ತು ಮಾರಾಯ" ಅಂತ ಉತ್ತರ ಬಂತು. ನಾಯಿ ಸವರಿದ್ರೆ ಕೇಸಾ ಅಂತ ನಾವೆಲ್ಲ ನಕ್ಕೆವು. ಆದ್ರೆ ಅಣ್ಣ ನಗಲಿಲ್ಲ. "ಓದಿ ನೋಡ್ರೋ" ಅಂದ್ರು. ಓದಿದೆವು. ನಮ್ಮಲ್ಲಿ ಯಾರೂ ಲಾ ಓದಿದವರಲ್ಲ; ಡೇಟಾಶೀಟ್ ಓದೋ ಹಾಗೆ ಕಾನೂನಿನ ಕಲಂಗಳನ್ನು ಒಂದೊಂದಾಗಿ ಓದಿಕೊಂಡೆವು. ಅರ್ಥವಾದದ್ದನ್ನು ಇಲ್ಲಿ ಬರೀತಿದ್ದೇವೆ.

ಯಾವುದು ಸರ್ವಿಸ್ ಡಾಗ್?

ಮೊದಲು ವ್ಯಾಖ್ಯಾನ. ಪೊಲೀಸ್ ನಾಯಿ, ಬಾಂಬ್ ಪತ್ತೆ ಮಾಡುವ ನಾಯಿ, ಸೇನೆಯಲ್ಲಿ ತರಬೇತಿ ಪಡೆದ ನಮ್ಮ ಮುಧೋಳ ನಾಯಿ, ಇವೆಲ್ಲ ಕೆಲಸ ಮಾಡುವ ನಾಯಿಗಳೇ. ಆದ್ರೆ ಅಮೆರಿಕದ ಕಾನೂನಿನಲ್ಲಿ ಸರ್ವಿಸ್ ಡಾಗ್ ಅಂದ್ರೆ ಬೇರೆ. ಅಂಗವೈಕಲ್ಯ ಇರುವ ಒಬ್ಬ ವ್ಯಕ್ತಿಗೋಸ್ಕರ, ಆ ವೈಕಲ್ಯಕ್ಕೆ ಸಂಬಂಧಪಟ್ಟ ನಿರ್ದಿಷ್ಟ ಕೆಲಸ ಮಾಡೋಕೆ ತರಬೇತಿ ಪಡೆದ ನಾಯಿ ಅದು. ಕಣ್ಣು ಕಾಣದವರಿಗೆ ದಾರಿ ತೋರಿಸುವುದು, ಕಿವಿ ಕೇಳದವರಿಗೆ ಕಾಲಿಂಗ್ ಬೆಲ್ ಅಥವಾ ಫೈರ್ ಅಲಾರ್ಮ್ ಹೊಡೆದಾಗ ಮುಟ್ಟಿ ತಿಳಿಸುವುದು, ವೀಲ್‌ಚೇರ್‌ನಲ್ಲಿ ಇರುವವರಿಗೆ ಕೆಳಗೆ ಬಿದ್ದ ವಸ್ತು ಎತ್ತಿಕೊಡುವುದು, ಫಿಟ್ಸ್ ಬಂದಾಗ ಸಹಾಯಕ್ಕೆ ನಿಲ್ಲುವುದು, ಇಂಥವು ಆ ಕೆಲಸಗಳು. ಜೊತೆಯಲ್ಲಿದ್ದರೆ ಮನಸ್ಸಿಗೆ ಸಮಾಧಾನ ಅನ್ನೋ ಕಾರಣಕ್ಕಷ್ಟೇ ಸಾಕಿದ ನಾಯಿ ಈ ವ್ಯಾಖ್ಯಾನದೊಳಗೆ ಬರಲ್ಲ.

ಅಮೆರಿಕದಲ್ಲಿ ಇದರ ಇತಿಹಾಸ ಸುಮಾರು ನೂರು ವರ್ಷದ್ದು. ಟೆನ್ನೆಸ್ಸಿಯ ನ್ಯಾಶ್‌ವಿಲ್‌ನ ಮಾರಿಸ್ ಫ್ರಾಂಕ್ ಅನ್ನೋ ಅಂಧ ಯುವಕ 1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಡೊರೊತಿ ಯೂಸ್ಟಿಸ್ ಅವರ ಕೇಂದ್ರದಲ್ಲಿ ತರಬೇತಿ ಪಡೆದು, ಬಡಿ ಎಂಬ ಜರ್ಮನ್ ಶೆಫರ್ಡ್ ಜೊತೆ ವಾಪಸ್ ಬಂದ. ಮರುವರ್ಷ, 1929ರಲ್ಲಿ, 'ದಿ ಸೀಯಿಂಗ್ ಐ' ಎಂಬ ಶಾಲೆ ಶುರುವಾಯ್ತು. ಅದು ಇವತ್ತಿಗೂ ನ್ಯೂಜೆರ್ಸಿಯಲ್ಲಿ ನಡೀತಿದೆ.

ಒಂದು ಸೆಕೆಂಡ್ ಗಮನ ತಪ್ಪಿದರೆ ಏನಾಗುತ್ತೆ?

ಕಾನೂನು ಯಾಕೆ ಇಷ್ಟು ಬಿಗಿ ಅಂತ ಗೊತ್ತಾಗಬೇಕಾದ್ರೆ ಗೈಡ್ ಡಾಗ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಬೇಕು. ನಾಯಿಗೆ ಎಲ್ಲ ದಾರಿ ಗೊತ್ತಿರುತ್ತೆ, ಸಿಗ್ನಲ್ ನೋಡಿ ರಸ್ತೆ ದಾಟಿಸುತ್ತೆ ಅಂತ ನಾವು ಅಂದುಕೊಂಡಿದ್ದೆವು. ಹಾಗಲ್ಲ. ಎಲ್ಲಿಗೆ ಹೋಗಬೇಕು, ಯಾವ ತಿರುವು ಅನ್ನೋ ಮ್ಯಾಪ್ ಇರೋದು ಮನುಷ್ಯನ ತಲೆಯಲ್ಲಿ. ಗಾಡಿಗಳ ಸದ್ದು ಕೇಳಿಸಿಕೊಂಡು ಯಾವಾಗ ದಾಟಬೇಕು ಅಂತ ತೀರ್ಮಾನ ಮಾಡೋದೂ ಅವರೇ. ನಾಯಿಯ ಕೆಲಸ ಆ ದಾರಿಯಲ್ಲಿರುವ ಅಡೆತಡೆಗಳನ್ನು ತಪ್ಪಿಸುವುದು, ಮೆಟ್ಟಿಲು, ಫುಟ್‌ಪಾತ್ ಅಂಚು ಬಂದಾಗ ನಿಲ್ಲುವುದು, ತಲೆಗೆ ತಾಗುವ ಕೊಂಬೆ ಇದ್ದರೆ ಪಕ್ಕಕ್ಕೆ ಕರೆದೊಯ್ಯುವುದು.

ಇದರಲ್ಲಿ ಅತ್ಯಂತ ಕಷ್ಟದ ಪಾಠ ಅಂದ್ರೆ ಮಾತು ಕೇಳದೇ ಇರೋದು! ಮಾಲೀಕರು 'ಫಾರ್ವರ್ಡ್' ಅಂದಾಗ ಗಾಡಿ ಬರ್ತಿದ್ದರೆ ನಾಯಿ ಹೆಜ್ಜೆ ಇಡಬಾರದು. ಆರ್ಡರ್ ಬಂದರೂ ನಿಂತೇ ಇರಬೇಕು. ಇದನ್ನು ಬುದ್ಧಿವಂತ ಅವಿಧೇಯತೆ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ತಪ್ಪು ಇನ್‌ಪುಟ್ ಬಂದಾಗ ಸಿಸ್ಟಮ್ ತಾನೇ ತಡೆಯುವ ಸೇಫ್ಟಿ ಇಂಟರ್‌ಲಾಕ್.

ಈಗ ಆ ಹೊತ್ತಿಗೆ ಯಾರೋ ಶಿಳ್ಳೆ ಹೊಡೆದ್ರು, ಬಿಸ್ಕೆಟ್ ತೋರಿಸಿದ್ರು, ತಲೆ ಸವರಿದ್ರು ಅಂತಿಟ್ಟುಕೊಳ್ಳಿ. ನಾಯಿ ಆ ಕಡೆ ತಿರುಗುತ್ತೆ. ಹಾರ್ನೆಸ್ ಹಿಡಿದವರಿಗೆ ಕೈಗೆ ಬರುತ್ತಿದ್ದ ಸಿಗ್ನಲ್ ತಪ್ಪಾಗುತ್ತೆ. ಮುಂದೆ ಮೆಟ್ಟಿಲಿದ್ದರೆ? ಕಟ್ಟದೆ ಬಿಟ್ಟ ಬೇರೆ ನಾಯಿ ಮೇಲೆ ಬಿದ್ದರಂತೂ ಇನ್ನೂ ಕೆಟ್ಟದ್ದು. ಗಾಯ ಮಾಯಬಹುದು, ಹೆದರಿಕೆ ಮಾಯದೇ ಇರಬಹುದು. ಬೇರೆ ನಾಯಿ ಕಂಡಾಗಲೆಲ್ಲ ಬೆದರುವ ಗೈಡ್ ಡಾಗ್ ರಸ್ತೆಯಲ್ಲಿ ಕೆಲಸ ಮಾಡಲಾರದು, ಅದನ್ನು ನಿವೃತ್ತಿ ಮಾಡಬೇಕಾಗುತ್ತೆ. ಒಂದು ನಾಯಿಯನ್ನು ಸಾಕಿ, ತರಬೇತಿ ಕೊಟ್ಟು ತಯಾರು ಮಾಡೋಕೆ ಹತ್ತಾರು ಸಾವಿರ ಡಾಲರ್ ಖರ್ಚು, ಒಂದೂವರೆ ಎರಡು ವರ್ಷದ ಸಮಯ. ಹೊಸ ನಾಯಿ ಸಿಕ್ಕರೂ ಅದರ ಜೊತೆ ಮಾಲೀಕರು ಮತ್ತೆ ವಾರಗಟ್ಟಲೆ ತರಬೇತಿ ಪಡೀಬೇಕು. ಅಲ್ಲಿಯವರೆಗೆ ಒಬ್ಬರೇ ಆಫೀಸಿಗೆ ಹೋಗಿಬರುತ್ತಿದ್ದವರು ಇನ್ನೊಬ್ಬರ ಕೈ ಹಿಡಿಯಬೇಕಾಗಬಹುದು. ಕಾನೂನಿನ ಕಲಂಗಳನ್ನು ಓದುವಾಗ ಇದು ನೆನಪಿರಲಿ.

ಮೊದಲ ಪದರ: ಒಳಗೆ ಬಿಡಬೇಕು

ಅಮೆರಿಕದಲ್ಲಿ ಈ ರಕ್ಷಣೆ ಪದರ ಪದರವಾಗಿದೆ. ಕೆಳಗಿನ ಪದರ ಕೇಂದ್ರ ಸರ್ಕಾರದ್ದು: 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್, ಚಿಕ್ಕದಾಗಿ ಎಡಿಎ. ಇದರ ಪ್ರಕಾರ ಜನ ಓಡಾಡುವ ಹೋಟೆಲು, ಅಂಗಡಿ, ಆಸ್ಪತ್ರೆ, ಸರ್ಕಾರಿ ಕಚೇರಿ, ಎಲ್ಲಿಗೆ ಮಾಲೀಕರು ಹೋಗಬಹುದೋ ಅಲ್ಲಿಗೆ ಸಾಮಾನ್ಯವಾಗಿ ಅವರ ಸರ್ವಿಸ್ ಡಾಗ್ ಕೂಡ ಹೋಗಬಹುದು. ಅದಕ್ಕೆ ಅಂತ ಎಕ್ಸ್‌ಟ್ರಾ ಚಾರ್ಜ್ ಮಾಡುವಂತಿಲ್ಲ. ಇನ್ನೊಬ್ಬ ಗಿರಾಕಿಗೆ ನಾಯಿ ಅಂದ್ರೆ ಭಯ ಅಥವಾ ಅಲರ್ಜಿ ಅನ್ನೋದು ಹೊರಗೆ ಕಳಿಸೋಕೆ ಸಾಕಾಗುವ ಕಾರಣ ಅಲ್ಲ.

ನಮಗೆ ಇಷ್ಟವಾದದ್ದು ಬಾಗಿಲಲ್ಲಿ ಕೇಳಬಹುದಾದ ಪ್ರಶ್ನೆಗಳ ನಿಯಮ. ನಾಯಿಯ ಕೆಲಸ ಏನು ಅಂತ ನೋಡಿದರೆ ಗೊತ್ತಾಗದಿದ್ದಾಗ ಸಿಬ್ಬಂದಿ ಎರಡೇ ಎರಡು ಪ್ರಶ್ನೆ ಕೇಳಬಹುದು. ಒಂದು, ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯಾ? ಎರಡು, ಯಾವ ಕೆಲಸಕ್ಕೆ ಇದಕ್ಕೆ ತರಬೇತಿ ಆಗಿದೆ? ಅಷ್ಟೇ. ನಿಮಗೇನು ಕಾಯಿಲೆ ಅಂತ ಕೇಳುವಂತಿಲ್ಲ. ಐಡಿ ಕಾರ್ಡ್, ಸರ್ಟಿಫಿಕೇಟ್ ಕೇಳುವಂತಿಲ್ಲ. ಎಲ್ಲಿ ಮಾಡಿ ತೋರಿಸಿ ನೋಡೋಣ ಅನ್ನುವಂತಿಲ್ಲ.

ಹಾಗಂತ ನಾಯಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿಲ್ಲ. ಅದು ಹತೋಟಿ ತಪ್ಪಿ ವರ್ತಿಸಿದಾಗ ಮಾಲೀಕರು ಸರಿಪಡಿಸದೇ ಇದ್ದರೆ, ಅಥವಾ ಒಳಗೆ ಗಲೀಜು ಮಾಡದಷ್ಟು ಅಭ್ಯಾಸ ಇಲ್ಲದಿದ್ದರೆ, ಹೊರಗೆ ಕಳಿಸಬಹುದು. ಆಗಲೂ ಕಳಿಸಬಹುದಾದದ್ದು ನಾಯಿಯನ್ನು. ಮನುಷ್ಯರಿಗೆ ಸೇವೆ ಕೊಡಲೇಬೇಕು.

ಆದ್ರೆ ಎಡಿಎ ಮುಖ್ಯವಾಗಿ ತಾರತಮ್ಯ ತಡೆಯುವ ಕಾನೂನು. ರಸ್ತೆಯಲ್ಲಿ ಹೋಗುವವನೊಬ್ಬ ನಾಯಿಗೆ ಒದ್ದರೆ ಅವನನ್ನು ಜೈಲಿಗೆ ಕಳಿಸುವ ಕಲಂ ಅದರಲ್ಲಿಲ್ಲ. ಆ ಕೆಲಸ ರಾಜ್ಯಗಳದ್ದು.

ಎರಡನೇ ಪದರ: ಕೆಲಸಕ್ಕೆ ಅಡ್ಡಿ ಮಾಡಬಾರದು

ಅಣ್ಣ ಇರುವ ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯಲ್ಲಿ ಕಲಂ 365.6 ಅಂತ ಒಂದಿದೆ. ನ್ಯಾಯವಾದ ಕಾರಣ ಇಲ್ಲದೆ, ಬೇಕಂತಲೇ, ಕಿರುಕುಳ ಕೊಟ್ಟು ಅಥವಾ ಅಡ್ಡಗಟ್ಟಿ ಸರ್ವಿಸ್ ಡಾಗ್‌ನ ಬಳಕೆಗೆ ತೊಂದರೆ ಮಾಡಿದರೆ ಅದು ಅಪರಾಧ. 6 ತಿಂಗಳವರೆಗೆ ಜೈಲು, ಅಥವಾ 1,500ರಿಂದ 2,500 ಡಾಲರ್ ದಂಡ, ಅಥವಾ ಎರಡೂ. ಗಮನಿಸಿ, ಇಲ್ಲಿ ನಾಯಿಗೆ ಗಾಯ ಆಗಿರಲೇಬೇಕು ಅಂತಿಲ್ಲ. ಕೆಲಸಕ್ಕೆ ಅಡ್ಡಿ ಆದರೆ ಸಾಕು.

ವಾಷಿಂಗ್ಟನ್ ರಾಜ್ಯದ ಕಾನೂನು ಇನ್ನೂ ಸ್ಪಷ್ಟ. ಅದಕ್ಕೆ ಲೈಲಾ ಕಾನೂನು ಅಂತ ಹೆಸರು. ಬೇರೆ ನಾಯಿಯ ದಾಳಿಗೆ ಸಿಕ್ಕ ಲೈಲಾ ಎಂಬ ಗೈಡ್ ಡಾಗ್‌ನಿಂದ ಬಂದದ್ದು. 2001ರಲ್ಲಿ ಪಾಸಾಯ್ತು. ಇದರಲ್ಲಿ ಮೊದಲ ಮೆಟ್ಟಿಲು ಎಚ್ಚರಿಕೆ. 'ನಿಮ್ಮಿಂದ ನಾಯಿಯ ಕೆಲಸಕ್ಕೆ ತೊಂದರೆ ಆಗ್ತಿದೆ' ಅಂತ ತಿಳಿಸಿದ ಮೇಲೂ ಉಡಾಫೆಯಿಂದ ಮುಂದುವರಿಸಿ ಮಾಲೀಕರ ಅಥವಾ ನಾಯಿಯ ಸುರಕ್ಷತೆಗೆ ಧಕ್ಕೆ ತಂದರೆ ಅದು ಅಪರಾಧ. ಅದೇ ತಪ್ಪನ್ನು ಮತ್ತೆ ಮಾಡಿದರೆ ಅಪರಾಧದ ದರ್ಜೆ ಏರುತ್ತೆ.

ನಮ್ಮ ಅಣ್ಣನ ಪ್ರಸಂಗಕ್ಕೆ ಉತ್ತರ ಇಲ್ಲೇ ಸಿಕ್ತು. ಗೊತ್ತಿಲ್ಲದೆ ಒಮ್ಮೆ ಕೈ ಚಾಚಿದವರನ್ನು ಹಿಡಿಯೋದು ಇಂಥ ಕಾನೂನಿನ ಉದ್ದೇಶ ಅಲ್ಲ. ಬೇಡ ಅಂದ ಮೇಲೆ ಏನು ಮಾಡಿದಿರಿ ಅನ್ನೋದೇ ಪ್ರಶ್ನೆ.

ಮೂರನೇ ಪದರ: ಗಾಯ ಮತ್ತು ಸಾವು

ಗಾಯ ಆದಾಗ ಕ್ಯಾಲಿಫೋರ್ನಿಯಾ ಮೂರು ಹಂತ ಮಾಡಿದೆ. ಇದನ್ನು ಓದುವಾಗ ನಮಗೆ ಇಫ್-ಎಲ್ಸ್ ಕೋಡ್ ನೆನಪಾಯ್ತು. ಹಂತ ನಿರ್ಧಾರ ಆಗೋದು ಮಾಡಿದವರ ಮನಸ್ಸಿನಲ್ಲಿ ಏನಿತ್ತು ಅನ್ನೋದರ ಮೇಲೆ.

ಒಂದು: ನಿಮ್ಮ ನಾಯಿ ಸರ್ವಿಸ್ ಡಾಗ್‌ಗೆ ಕಚ್ಚಿತು, ಕಾರಣ ನೀವು ಸಾಮಾನ್ಯವಾಗಿ ತಗೋಬೇಕಾದ ಎಚ್ಚರ ತಗೊಂಡಿಲ್ಲ. ಕಲಂ 600.2ರ ಪ್ರಕಾರ 250 ಡಾಲರ್‌ವರೆಗೆ ದಂಡ.

ಎರಡು: ಅದೇ ಕಚ್ಚಾಟ, ಆದ್ರೆ ಅಪಾಯ ಗೊತ್ತಿದ್ದೂ ನೀವು ಉಡಾಫೆ ಮಾಡಿದಿರಿ. ಅದೇ ಕಲಂ, ಈ ಸಲ ಒಂದು ವರ್ಷದವರೆಗೆ ಜೈಲು, ಅಥವಾ 2,500ರಿಂದ 5,000 ಡಾಲರ್ ದಂಡ, ಅಥವಾ ಎರಡೂ.

ಮೂರು: ಬೇಕಂತಲೇ ಸರ್ವಿಸ್ ಡಾಗ್‌ಗೆ ಗಾಯ ಮಾಡಿದಿರಿ ಅಥವಾ ಕೊಂದಿರಿ. ಕಲಂ 600.5. ಒಂದು ವರ್ಷದವರೆಗೆ ಜೈಲು, ಅಥವಾ 10,000 ಡಾಲರ್‌ವರೆಗೆ ದಂಡ, ಅಥವಾ ಎರಡೂ.

ವಾಷಿಂಗ್ಟನ್‌ನಲ್ಲಿ ಬೇಕಂತಲೇ ಮಾಡಿದ ಹಾನಿ ಇನ್ನೂ ಭಾರವಾದ ಫೆಲನಿ ಅಪರಾಧ, ಗರಿಷ್ಠ ಶಿಕ್ಷೆ 5 ವರ್ಷ.

ಶಿಕ್ಷೆಗಿಂತ ಮುಖ್ಯ ಅಂತ ನಮಗೆ ಅನ್ನಿಸಿದ್ದು ನಷ್ಟ ಭರ್ತಿ. ದಂಡದ ಹಣ ಸರ್ಕಾರಕ್ಕೆ ಹೋಗುತ್ತೆ, ಅದರಿಂದ ನಾಯಿ ಕಳಕೊಂಡವರಿಗೆ ಏನು ಬಂತು? ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ ತಪ್ಪಿತಸ್ಥರು ಪಶುವೈದ್ಯರ ಬಿಲ್ ಕಟ್ಟಿಕೊಡಬೇಕು, ನಾಯಿ ಕೆಲಸಕ್ಕೆ ಬಾರದಂತಾದರೆ ಅಥವಾ ಸತ್ತರೆ ಬದಲಿ ನಾಯಿಯ ಖರ್ಚೂ ಕೊಡಬೇಕು. ವಾಷಿಂಗ್ಟನ್ ಪಟ್ಟಿ ಇನ್ನೂ ಉದ್ದ. ಹೊಸ ನಾಯಿಯ ತರಬೇತಿ, ಗಾಯಗೊಂಡ ನಾಯಿಗೆ ಮರುತರಬೇತಿ, ಮಾಲೀಕರ ಆಸ್ಪತ್ರೆ ಖರ್ಚು, ಹೊಸ ನಾಯಿ ಜೊತೆ ಮಾಲೀಕರು ಪಡೆಯಬೇಕಾದ ತರಬೇತಿ, ಅಷ್ಟು ದಿನ ಅವರು ಕಳಕೊಂಡ ಸಂಬಳ, ಎಲ್ಲ ಸೇರುತ್ತೆ. ಈ ಪಟ್ಟಿ ಬರೆದವರಿಗೆ ಒಂದು ಕಚ್ಚಾಟದ ನಂತರ ಮನೆಯೊಂದರಲ್ಲಿ ಏನೇನಾಗುತ್ತೆ ಅಂತ ಗೊತ್ತಿತ್ತು.

ಬ್ರಿಟನ್ ಕೂಡ ಇದೇ ದಾರಿಗೆ ಬಂತು. ಅಲ್ಲಿನ 1991ರ ಡೇಂಜರಸ್ ಡಾಗ್ಸ್ ಆಕ್ಟ್‌ಗೆ 2014ರಲ್ಲಿ ತಿದ್ದುಪಡಿ ಆಗಿ, ತನ್ನ ನಾಯಿ ಸಹಾಯಕ ನಾಯಿಯ ಮೇಲೆ ದಾಳಿ ಮಾಡುವಂತೆ ಬಿಟ್ಟ ಮಾಲೀಕನಿಗೆ 3 ವರ್ಷದವರೆಗೆ ಜೈಲು ಆಗಬಹುದು.

ಇನ್ನೊಂದು ಕಡೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸಾಕು ನಾಯಿಗೆ ಸುಳ್ಳೇ ಸರ್ವಿಸ್ ಡಾಗ್ ಅಂತ ಹೇಳಿಕೊಂಡು ತಿರುಗಿದರೂ ಅಪರಾಧ, ಕಲಂ 365.7. 6 ತಿಂಗಳವರೆಗೆ ಜೈಲು ಅಥವಾ 1,000 ಡಾಲರ್‌ವರೆಗೆ ದಂಡ ಅಥವಾ ಎರಡೂ. ತರಬೇತಿ ಇಲ್ಲದ ನಾಯಿ ಅಂಗಡಿಯಲ್ಲಿ ಬೊಗಳಿ ರಂಪ ಮಾಡಿದರೆ, ನಾಳೆ ಅದೇ ಬಾಗಿಲಿಗೆ ಬರುವ ನಿಜವಾದ ಗೈಡ್ ಡಾಗ್‌ನ ಮೇಲೆ ಅನುಮಾನ ಬೀಳುತ್ತೆ.

ನಾಯಿ ಅಂದ್ರೆ ಕಾನೂನಿಗೆ ಏನು?

ಇಷ್ಟೆಲ್ಲ ಓದಿದ ಮೇಲೆ ನಮ್ಮಲ್ಲಿ ಒಂದು ವಾದ ಶುರುವಾಯ್ತು. ಕಾನೂನು ನಾಯಿಯನ್ನು ಮೂರು ಥರ ನೋಡಬಹುದು. ಮಾಲೀಕರ ಆಸ್ತಿ ಅಂತ ನೋಡಿದರೆ ನಷ್ಟ ಅಂದ್ರೆ ಅದರ ಬೆಲೆ. ನೋವಾಗುವ ಜೀವ ಅಂತ ನೋಡಿದರೆ ಅಪರಾಧ ಅಂದ್ರೆ ಕ್ರೌರ್ಯ. ಮೂರನೆಯದು, ಒಬ್ಬ ವ್ಯಕ್ತಿಯ ಓಡಾಟದ ಸಾಧನ. ಆಗ ನಾಯಿಗೆ ಹೊಡೆದ ಏಟು ಆ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಹೊಡೆದ ಏಟು.

ಕ್ಯಾಲಿಫೋರ್ನಿಯಾದ ಕಲಂ 365.6 ಈ ಮೂರನೆಯದನ್ನು ನೇರವಾಗಿ ಬರೆದಿಟ್ಟಿದೆ. ಅಂಗವೈಕಲ್ಯ ಇರುವವರು ಸ್ವತಂತ್ರವಾಗಿ ಓಡಾಡೋಕೆ ನೆರವಾಗುವ ಸಾಧನ ಅಂದ್ರೆ ಯಾವುದು ಅಂತ ಹೇಳುವ ಪಟ್ಟಿಯಲ್ಲಿ ವೀಲ್‌ಚೇರ್, ವಾಕರ್, ಬಿಳಿ ಕೋಲಿನ ಜೊತೆ ಸರ್ವಿಸ್ ಡಾಗ್ ಕೂಡ ಇದೆ. ಜೀವ ಇರುವ ನಾಯಿಯನ್ನು ಕೋಲಿನ ಸಾಲಿಗೆ ಸೇರಿಸೋದು ಅವಮಾನ ಅಲ್ವಾ ಅಂತ ನಮ್ಮಲ್ಲೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆದ್ರೆ ಈ ಸಾಲಿನಲ್ಲಿ ಸೇರಿದ್ದರಿಂದಲೇ ಗಾಯ ಆಗುವ ಮುಂಚೆಯೇ, ಬರೀ ಅಡ್ಡಿಯ ಹಂತದಲ್ಲೇ ರಕ್ಷಣೆ ಸಿಗ್ತಿದೆ.

ನಮ್ಮ ದೇಶದಲ್ಲಿ?

ಸಹಜವಾಗಿ ಮುಂದಿನ ಪ್ರಶ್ನೆ ಇದೇ. ಗೈಡ್ ಡಾಗ್ ನಮ್ಮ ಊರುಗಳಲ್ಲಿ ತುಂಬಾ ಅಪರೂಪ. ಆದ್ರೂ ನಾಳೆ ನಮ್ಮ ಕ್ಲಾಸಿಗೇ ಒಬ್ಬರು ಗೈಡ್ ಡಾಗ್ ಜೊತೆ ಬಂದರೆ ಅವರ ಬೆನ್ನಿಗೆ ಯಾವ ಕಾನೂನಿದೆ ಅಂತ ಹುಡುಕಿದೆವು.

ಆಸ್ತಿಯಾಗಿ ನೋಡುವ ಕಾನೂನು ಇದೆ. ಹಳೆಯ ಐಪಿಸಿಯ 428, 429ನೇ ಕಲಂಗಳಲ್ಲಿ ಪ್ರಾಣಿಯನ್ನು ಕೊಂದರೆ ಅಥವಾ ಊನ ಮಾಡಿದರೆ ಶಿಕ್ಷೆ ಇತ್ತು. ನಾಯಿಯ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಅನ್ನೋದರ ಮೇಲೆ ಕಲಂ ಬದಲಾಗ್ತಿತ್ತು! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಆ ಬೆಲೆಯ ಲೆಕ್ಕ ತೆಗೆದುಹಾಕಿ, 5 ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಅಂತ ಮಾಡಿದೆ. ಇದು ಒಳ್ಳೆಯ ಬದಲಾವಣೆ. ಆದ್ರೆ ಕೊಲ್ಲುವುದು, ಊನ ಮಾಡುವುದು ಆದ ಮೇಲಷ್ಟೇ ಅದು ಕೆಲಸಕ್ಕೆ ಬರುತ್ತೆ.

ಜೀವವಾಗಿ ನೋಡುವ ಕಾನೂನೂ ಇದೆ, 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಅದರ 11ನೇ ಕಲಂನಲ್ಲಿ ಹೊಡೆಯುವುದು, ಒದೆಯುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ನಮ್ಮ ಕ್ಯಾಂಟೀನಿನಲ್ಲಿ ಮಸಾಲೆ ದೋಸೆಗೂ ಅದು ಸಾಲಲ್ಲ.

ಮೂರನೆಯದು, ಓಡಾಟದ ಸಾಧನವಾಗಿ? ಇಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಂ ಸಿಕ್ತು. ವಿಕಲಚೇತನರ ಅಂಗ, ಇಂದ್ರಿಯ ಅಥವಾ ಅವರ ಆಧಾರ ಸಾಧನಕ್ಕೆ ಬೇಕಂತಲೇ ಹಾನಿ ಮಾಡಿದರೆ, ಅಥವಾ ಅದರ ಬಳಕೆಗೆ ಅಡ್ಡಿ ಮಾಡಿದರೆ, ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಜೈಲು ಮತ್ತು ದಂಡ. ಅಡ್ಡಿ ಕೂಡ ಇದೆ ನೋಡಿ! ಕ್ಯಾಲಿಫೋರ್ನಿಯಾಗಿಂತ ಶಿಕ್ಷೆ ಹೆಚ್ಚು. ಆದ್ರೆ ಈ ಕಲಂನಲ್ಲಿ 'ನಾಯಿ' ಅನ್ನೋ ಪದ ಇಲ್ಲ. ಯಾರೋ ಬಿಳಿ ಕೋಲು ಮುರಿದರೆ ಇದು ನೇರವಾಗಿ ಅನ್ವಯ ಆಗುತ್ತೆ. ಗೈಡ್ ಡಾಗ್ ಆಧಾರ ಸಾಧನವೋ ಅಲ್ಲವೋ ಅಂತ ಮಾತ್ರ ವಾದ ಮಾಡಬೇಕಾಗುತ್ತೆ.

ವಾದಕ್ಕೆ ಬಲ ಇದೆ. ಈ ಕಾಯ್ದೆ ಬಂದದ್ದೇ ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದವನ್ನು ಜಾರಿಗೆ ತರೋಕೆ. 2006ರ ಆ ಒಪ್ಪಂದವನ್ನು ಭಾರತ 2007ರಲ್ಲಿ ಅನುಮೋದಿಸಿದೆ. ಅದರ 20ನೇ ವಿಧಿ ಓಡಾಟದ ಸಾಧನಗಳ ಜೊತೆಜೊತೆಗೇ ಜೀವಂತ ನೆರವನ್ನೂ ಹೆಸರಿಸುತ್ತೆ. ಹಾಗಿದ್ದರೆ ನಮ್ಮ ಕಲಂನಲ್ಲಿ 'ಆಧಾರ ಸಾಧನ'ದ ಮುಂದೆ 'ಮತ್ತು ಸಹಾಯಕ ಪ್ರಾಣಿ' ಅಂತ ಮೂರು ಪದ ಸೇರಿಸಿದರೆ ಸಾಕಲ್ವಾ ಅನ್ನಿಸುತ್ತೆ.

ಒಂದು ಸಮಸ್ಯೆಗೆ ಮಾತ್ರ ಆ ಮೂರು ಪದವೂ ಸಾಲದು. ಕ್ಯಾಲಿಫೋರ್ನಿಯಾದ ಕಲಂ 600.2 ಕಚ್ಚಿದ ನಾಯಿಗೊಬ್ಬ ಮಾಲೀಕ ಇದ್ದಾನೆ ಅಂತ ಅಂದುಕೊಂಡೇ ಬರೆದದ್ದು. ನಮ್ಮ ರಸ್ತೆಯಲ್ಲಿ ಗೈಡ್ ಡಾಗ್‌ಗೆ ಎದುರಾಗುವುದು ಹೆಚ್ಚಾಗಿ ಬೀದಿ ನಾಯಿಗಳು. ಯಾರ ಮೇಲೆ ಕೇಸ್ ಹಾಕೋದು? ಅದಕ್ಕೆ ಬೀದಿ ನಾಯಿಗಳ ಸಂತಾನಹರಣ, ಲಸಿಕೆ, ನಡೆಯೋಕೆ ಆಗುವಂಥ ಫುಟ್‌ಪಾತ್, ಇವೇ ಬೇಕು. ಕಾಪಿ ಪೇಸ್ಟ್ ಮಾಡಿದ ಕೋಡ್ ನಮ್ಮ ಸಿಸ್ಟಮ್‌ನಲ್ಲಿ ಹಾಗೇ ಓಡಲ್ಲ ಅಂತ ನಮಗೆಲ್ಲ ಲ್ಯಾಬ್‌ನಲ್ಲಿ ಗೊತ್ತಾಗಿದೆ.

ನಾವು ನೆನಪಿಡಬೇಕಾದದ್ದು

ನಮ್ಮಲ್ಲಿ ಎಷ್ಟೋ ಜನ ಮುಂದೆ ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೋಗ್ತೇವೆ. ಅಲ್ಲಿಗೂ ಇಲ್ಲಿಗೂ ಈ ನಿಯಮಗಳು ಒಂದೇ:

1. ಹಾರ್ನೆಸ್ ಹಾಕಿದ ನಾಯಿಯನ್ನು ಮುಟ್ಟಬೇಡಿ, ಕರೆಯಬೇಡಿ, ಶಿಳ್ಳೆ ಹೊಡೆಯಬೇಡಿ, ತಿನ್ನೋಕೆ ಕೊಡಬೇಡಿ.
2. ಮಾತಾಡಬೇಕಿದ್ದರೆ ನಾಯಿ ಜೊತೆ ಅಲ್ಲ, ಮನುಷ್ಯರ ಜೊತೆ ಮಾತಾಡಿ.
3. ಸಹಾಯ ಬೇಕೇ ಅಂತ ಬಾಯಿಬಿಟ್ಟು ಕೇಳಿ. ಕೇಳದೆ ಅವರ ಕೈಯನ್ನಾಗಲಿ ಹಾರ್ನೆಸ್ ಅನ್ನಾಗಲಿ ಹಿಡಿದು ಎಳೆಯಬೇಡಿ.
4. ನಿಮ್ಮ ಜೊತೆ ಸಾಕು ನಾಯಿ ಇದ್ದರೆ ಬೆಲ್ಟ್ ಗಟ್ಟಿ ಹಿಡಿದು ದೂರದಿಂದ ಹೋಗಿ.
5. ಬೇಡ ಅಂದರೆ ಅಲ್ಲಿಗೆ ನಿಲ್ಲಿಸಿ.

ಕೊನೆಗೆ ಅಣ್ಣನ ಹತ್ರ ಕೇಳಿದೆವು, ಆ ದಿನ ಬಸ್ಸಿನಲ್ಲಿ ಆಮೇಲೆ ಏನಾಯ್ತು ಅಂತ. ಎರಡು ಸ್ಟಾಪ್ ಆದ ಮೇಲೆ ಆ ಮಹಿಳೆ ಎದ್ದು ನಿಂತ್ರಂತೆ, ನಾಯಿಯೂ ಎದ್ದಿತಂತೆ. ಬಸ್ಸಿನ ಮೆಟ್ಟಿಲ ಹತ್ರ ಅದು ಒಂದು ಕ್ಷಣ ನಿಂತಿತು. ಅವರು ಕಾಲಿನಿಂದ ಅಂಚು ಹುಡುಕಿಕೊಂಡು ಇಳಿದ್ರು. ಬಸ್ಸಿನಲ್ಲಿದ್ದ ಯಾರೂ ತಿರುಗಿ ಕೂಡ ನೋಡಲಿಲ್ಲವಂತೆ.